ಪಂಜರಕ್ಕೆ ಎಷ್ಟು ಮೀನುಮರಿ ಬಿಡಬೇಕು?

ಜಲಾಶಯದಲ್ಲಿ ಪಂಜರ ಕಟ್ಟಿ ಮೀನು ಸಾಕುವವರು ಎಡವುವುದು ಹೆಚ್ಚಾಗಿ ಮರಿ ಬಿಡುವ ದಿನವೇ. ಬೆರಳುದ್ದದ ಮರಿಗಳು ಅಷ್ಟು ದೊಡ್ಡ ಬಲೆಯೊಳಗೆ ಎಲ್ಲಿ ಹೋದವೋ ತಿಳಿಯುವುದಿಲ್ಲ; ಇನ್ನೊಂದು ಸಾವಿರ ಸುರಿಯೋಣ ಅನ್ನಿಸುತ್ತದೆ. ದಯವಿಟ್ಟು ಸುರಿಯಬೇಡಿ. ಮೀನು ಹಿಡಿದು ಮಾರುವ ದಿನ ಪಂಜರದಲ್ಲಿ ಎಷ್ಟು ಕಿಲೋ ಇರಬೇಕು ಎಂಬಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ.

ಮೊದಲು ನೀರಿನ ಗಾತ್ರ. ಸಾಮಾನ್ಯವಾಗಿ ಬಳಸುವ ಪಂಜರ 6 ಮೀಟರ್ ಉದ್ದ, 4 ಮೀಟರ್ ಅಗಲ, 4 ಮೀಟರ್ ಆಳ. ಅಂದರೆ 96 ಘನ ಮೀಟರ್. ಬಲೆಯ ಅರ್ಧ ಮೀಟರ್ ನೀರಿನಿಂದ ಮೇಲಿದ್ದರೆ ಮೀನಿಗೆ ಸಿಗುವುದು 84 ಮಾತ್ರ.

ಆಮೇಲೆ ತೂಕ. ಪಂಗಾಸಿಯಸ್ ಎಂಬ ಮೀನು ಸಾಕುವ ಅನುಭವಿಗಳು ಘನ ಮೀಟರಿಗೆ 40 ಕಿಲೋವರೆಗೂ ತೆಗೆಯುತ್ತಾರೆ. ಮೊದಲ ವರ್ಷ 20 ಕಿಲೋ ಸಾಕು ಎಂಬುದು ನನ್ನ ಸಲಹೆ. ಆಗ ಒಟ್ಟು 1,680 ಕಿಲೋ. ಒಂದು ಮೀನು 800 ಗ್ರಾಂಗೆ ಬೆಳೆಯಬೇಕೆಂದರೆ 2,100 ಮೀನು. ನೂರರಲ್ಲಿ 85 ಉಳಿಯುತ್ತವೆ ಎಂದುಕೊಂಡರೆ ಬಿಡಬೇಕಾದ ಮರಿ ಸುಮಾರು 2,470.

ಮಿತಿ ಮೀರಿದರೆ ಮೊದಲ ಪೆಟ್ಟು ಆಮ್ಲಜನಕಕ್ಕೆ. ರಾತ್ರಿಯಿಡೀ ಮೀನೂ ಪಾಚಿಯೂ ಅದನ್ನು ಬಳಸುವುದರಿಂದ ನಸುಕಿನಲ್ಲಿ ಅದು ತೀರಾ ಇಳಿದಿರುತ್ತದೆ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಒಳ್ಳೆಯದು. 3ಕ್ಕಿಂತ ಇಳಿದರೆ ಮೀನು ಮೇವು ಬಿಡುತ್ತದೆ. ಪಂಗಾಸಿಯಸ್ ಮೇಲೆ ಬಂದು ಗಾಳಿ ನುಂಗಿ ಹೇಗೋ ತಡೆದುಕೊಳ್ಳುತ್ತದೆ, ಪಂಜರದಲ್ಲಿ ಸಾಕುವ ಇನ್ನೊಂದು ಮೀನಾದ ತಿಲಾಪಿಯಾಕ್ಕೆ ಆ ಸೌಲಭ್ಯವಿಲ್ಲ. ಒಬ್ಬರ ಪಂಗಾಸಿಯಸ್ ಲೆಕ್ಕವನ್ನು ನಿಮ್ಮ ತಿಲಾಪಿಯಾಕ್ಕೆ ಹಚ್ಚಬಾರದು ಎನ್ನುವುದು ಇದೇ ಕಾರಣಕ್ಕೆ. ತಿಲಾಪಿಯಾ ಸಾಕಲು ಮೀನುಗಾರಿಕೆ ಇಲಾಖೆಯ ಅನುಮತಿಯೂ ಬೇಕು.

ಇನ್ನೊಂದು ನಷ್ಟ ಕಣ್ಣಿಗೆ ಬೀಳುವುದು ತಡವಾಗಿ. ಇಕ್ಕಟ್ಟಿನಲ್ಲಿ ಬಲಿತ ಮೀನು ಮೇವನ್ನೆಲ್ಲ ಕಬಳಿಸುತ್ತದೆ, ಸಣ್ಣದು ಸಣ್ಣದಾಗಿಯೇ ಉಳಿಯುತ್ತದೆ. ಮೈ ಉಜ್ಜಿ ಗಾಯವಾಗುತ್ತದೆ, ಗಾಯದಲ್ಲಿ ಸೋಂಕು ಕೂರುತ್ತದೆ. ಖರ್ಚಿನ ದೊಡ್ಡ ಪಾಲು ಮೇವಿನದು. ಅದೇ ಮೇವಿಗೆ ಕಡಿಮೆ ತೂಕ ಬಂದರೆ ಲಾಭ ಅಲ್ಲೇ ಕರಗಿತು. ಹಾಗೆಂದು ತೀರಾ ವಿರಳವಾಗಿಯೂ ಬಿಡಬೇಡಿ. ತಿಲಾಪಿಯಾ ಕಡಿಮೆಯಿದ್ದರೆ ಜಾಗ ಹಿಡಿದು ಕಾದಾಡುತ್ತವೆ.

ಮರಿಗಳೆಲ್ಲ ಒಂದೇ ಅಳತೆಯವಿರಲಿ. ಮರಿ ತಂದ ಚೀಲವನ್ನು 15–20 ನಿಮಿಷ ಪಂಜರದ ನೀರಿನಲ್ಲಿ ತೇಲಿಸಿ, ಸ್ವಲ್ಪ ಸ್ವಲ್ಪವೇ ನೀರು ಬೆರೆಸಿ ಬಿಡಿ. ಮೊದಲು ಸಣ್ಣ ಕಣ್ಣಿನ ಬಲೆ, ಬೆಳೆದಂತೆ ದೊಡ್ಡ ಕಣ್ಣಿನದು. ಹದಿನೈದು ದಿನಕ್ಕೊಮ್ಮೆ ಕೆಲವನ್ನು ಹಿಡಿದು ತೂಗಿ ಬರೆದಿಡಿ. ಮೇವಿನ ಪ್ರಮಾಣ ಆ ತೂಕದ ಮೇಲೆಯೇ ನಿಂತಿದೆ. ಗಾತ್ರದಲ್ಲಿ ಹೆಚ್ಚುಕಡಿಮೆ ಕಂಡರೆ ಬೇರ್ಪಡಿಸಿ ಬೇರೆ ಪಂಜರಕ್ಕೆ ಹಾಕಿ. ಬಲೆಗೆ ಪಾಚಿ ಕಟ್ಟಿದರೆ ನೀರು ಒಳಗೆ ಹರಿಯುವುದಿಲ್ಲ, ಆಗ ಸರಿಯಾದ ಸಂಖ್ಯೆಯೂ ಅತಿಯಾಗುತ್ತದೆ. ಬಲೆ ಉಜ್ಜುವುದನ್ನು ಮುಂದೂಡಬೇಡಿ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಜಲಾಶಯಗಳ ನೀರು ಇಳಿಯುತ್ತದೆ. ಪಂಜರದ ತಳಕ್ಕೂ ಜಲಾಶಯದ ತಳಕ್ಕೂ ನಡುವೆ ಕನಿಷ್ಠ 2 ಮೀಟರ್ ನೀರಿರಬೇಕು. ಇಲ್ಲವಾದರೆ ಕೆಳಗೆ ಬಿದ್ದ ಹಿಕ್ಕೆ, ಉಳಿದ ಮೇವು ಅಲ್ಲೇ ಕೊಳೆಯುತ್ತದೆ. ಪಂಜರವನ್ನು ಆಳದ ಕಡೆಗೆ ಎಳೆಯಿರಿ. ಆಳವೇ ಇಲ್ಲವೆಂದಾದರೆ ಮಾರುವ ಗಾತ್ರಕ್ಕೆ ಬಂದ ಮೀನನ್ನು ಆಗಲೇ ಹಿಡಿದು ಮಾರಿ, ಉಳಿದವಕ್ಕೆ ಜಾಗ ಬಿಡಿ.