ಸ್ಪೆಲಂಕಿ: ಏಟು ತಿಂದ ಮೇಲೆ ಎಲ್ಲಿ ಹೋಗಿ ಬೀಳ್ತೀರಿ?

ಸ್ಪೆಲಂಕಿ ಅನ್ನುವ ವಿಡಿಯೋ ಗೇಮ್‌ನಲ್ಲಿ ಕೈಗೆ ನಾಲ್ಕು ಹಾರ್ಟ್, ನಾಲ್ಕು ಬಾಂಬ್, ನಾಲ್ಕು ಹಗ್ಗ ಕೊಟ್ಟು ಗುಹೆಯೊಳಗೆ ಬಿಡುತ್ತಾರೆ. ಬಾವಲಿ ತಗುಲಿದರೆ ಒಂದು ಹಾರ್ಟ್ ಹೋಗುತ್ತದೆ. ಹಾವು ಕಚ್ಚಿದರೂ ಒಂದೇ. ಅಂದಮೇಲೆ ಮೂರು ಸಲ ಕಚ್ಚಿಸಿಕೊಂಡರೂ ಜೀವ ಉಳಿಯುತ್ತದೆ, ಅಲ್ವಾ? ಕಾಗದದ ಮೇಲೆ ಈ ಲೆಕ್ಕ ಸರಿ. ಆದರೆ ಬಾವಲಿ ಹಾರ್ಟ್ ತೆಗೆಯುವುದರ ಜೊತೆಗೆ ನಿಮ್ಮನ್ನು ಹಿಂದಕ್ಕೂ ತಳ್ಳುತ್ತದೆ. ಹಿಂದೆ ಅಂಚು. ಅಂಚಿನ ಕೆಳಗೆ ಚೂಪು ಮೊಳೆ. ಮೇಲಿಂದ ಮೊಳೆಯ ಮೇಲೆ ಬಿದ್ದರೆ ಎಷ್ಟು ಹಾರ್ಟ್ ಇದ್ದರೂ ಆಟ ಮುಗಿಯಿತು. ಮತ್ತೆ ಮೊದಲ ಲೆವೆಲ್ಲಿನಿಂದ ಶುರು.

ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಈ ಆಟಕ್ಕೆ ಬಿದ್ದವರು ಇಬ್ಬರು. ನಾನು, ಮತ್ತೆ ನಮ್ಮಣ್ಣನ ಮಗ. ಹಗಲೆಲ್ಲ ನಾನು ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ, ಬ್ಯಾನರ್ ಅಂತ ಕೂತಿರುತ್ತೇನೆ. ಅವನು ಪಿಯುಸಿ. ಸಂಜೆ ಇಬ್ಬರಿಗೂ ಒಂದೇ ಹಳೆ ಲ್ಯಾಪ್‌ಟಾಪ್, ಒಬ್ಬ ಮುಗಿಸಿದ ಮೇಲೆ ಇನ್ನೊಬ್ಬನ ಪಾಳಿ. "ದೀಪ ಹಚ್ಚೂ ಹೊತ್ತಿನ್ಯಾಗ ಸತ್ತೆ ಸತ್ತೆ ಅನಬ್ಯಾಡ್ರಿ" ಅಂತ ಅವ್ವ ಗದರಿದ್ದರಿಂದ ನಮ್ಮಲ್ಲಿ ಯಾರೂ ಸಾಯುವುದಿಲ್ಲ, ಸುಮ್ನೆ ಔಟಾಗುತ್ತೇವೆ.

ಆಟದ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಡೆರೆಕ್ ಯೂ ಅನ್ನುವವರು ಇದನ್ನು 2008ರಲ್ಲಿ ಪುಕ್ಕಟೆ ಆಟವಾಗಿ ಬಿಟ್ಟರು. 2012ರಲ್ಲಿ ಹೊಸದಾಗಿ ಬರೆದ ಚಿತ್ರಗಳ ಜೊತೆ ಎಕ್ಸ್‌ಬಾಕ್ಸ್‌ಗೆ, 2013ರಲ್ಲಿ ಪಿಸಿಗೆ ಬಂತು. ನಾವು ಆಡುವುದು ಅದನ್ನೇ. ಹಳೆ ಲ್ಯಾಪ್‌ಟಾಪಿಗೂ ಭಾರವಾಗುವುದಿಲ್ಲ. 1980ರ ರೋಗ್ ಅನ್ನುವ ಆಟದ ವಂಶದಲ್ಲಿ ಹುಟ್ಟಿದ್ದು ಇದು. ಹಾಗಾಗಿ ಪ್ರತಿ ಸಲವೂ ಗುಹೆ ಹೊಸದು, ಹೋದ ಜೀವ ಹೋದದ್ದೇ. ನಡುವೆ ಸೇವ್ ಮಾಡುವುದು ಅಂತ ಇಲ್ಲ. ಬ್ಯಾಟರಿ ನಿಲ್ಲದ ಲ್ಯಾಪ್‌ಟಾಪ್ ಇದ್ದು ಕರೆಂಟ್ ಹೋದರೆ ನೀವೂ ಹೋದಿರಿ.

ನಕ್ಷೆ ಬಾಯಿಪಾಠ ಮಾಡಲು ಆಗುವುದಿಲ್ಲ, ನಿಜ. ಆದರೆ ಗುಹೆ ಬೇಕಾಬಿಟ್ಟಿ ಹುಟ್ಟುವುದೂ ಇಲ್ಲ. ಸಾಮಾನ್ಯ ಲೆವೆಲ್ ಒಂದಕ್ಕೆ ಅಡ್ಡ ನಾಲ್ಕು, ಉದ್ದ ನಾಲ್ಕು ಕೋಣೆ. ಬಾಗಿಲು ಮೇಲೆ, ಹೊರಗೆ ಹೋಗುವ ದಾರಿ ಕೆಳಗೆ. ಬಾಂಬ್ ಇಲ್ಲದೆ, ಹಗ್ಗ ಇಲ್ಲದೆ ನಡೆದು ಮುಟ್ಟಬಹುದಾದ ಒಂದು ದಾರಿಯನ್ನು ಆಟ ಮೊದಲೇ ಇಟ್ಟಿರುತ್ತದೆ. ಇದು ಗೊತ್ತಾದ ಮೇಲೆ ನನ್ನ ಆಟವೇ ಬದಲಾಯಿತು. ದಾರಿ ಕಾಣದಿದ್ದರೆ ಬಾಂಬ್ ಇಡುವುದಿಲ್ಲ, ಇನ್ನೊಂದು ಕಡೆ ಹೋಗಿ ನೋಡುತ್ತೇನೆ. ಬಾಂಬ್, ಹಗ್ಗ ಇರುವುದು ದಾರಿ ಮಾಡಿಕೊಳ್ಳಲು ಅಲ್ಲ. ಇರುವ ದಾರಿಯಲ್ಲಿ ಹೋದರೆ ಏಟು ಖಂಡಿತ ಅನ್ನಿಸಿದಾಗ ಅದನ್ನು ತಪ್ಪಿಸಲು.

ಬಾಣದ ಟ್ರ್ಯಾಪ್ ಒಂದನ್ನು ಹತ್ತಿರದಿಂದ ನೋಡೋಣ, ಯಾಕೆಂದರೆ ಹೊಸಬರನ್ನು ಜಾಸ್ತಿ ತಿನ್ನುವುದು ಅದೇ. ಗೋಡೆಯಲ್ಲಿ ಮುಖ ಕೆತ್ತಿದ ಕಲ್ಲು. ಅದರ ಮುಂದೆ ಏನು ಚಲಿಸಿದರೂ ಬಾಣ ಬಿಡುತ್ತದೆ. ತಗುಲಿದರೆ ಎರಡು ಹಾರ್ಟ್, ಅಂದರೆ ಅರ್ಧ ಜೀವ. ಅದರ ಹತ್ತಿರ ಇರುವುದು ಒಂದೇ ಬಾಣ. ಅದು ಖಾಲಿಯಾದರೆ ಟ್ರ್ಯಾಪ್ ಬರೀ ಕಲ್ಲು.

ಆಟದ ಮೊದಲ ಭಾಗವಾದ ಗಣಿಯ ಲೆವೆಲ್‌ಗಳಲ್ಲಿ ಪದೇ ಪದೇ ಇಂಥ ಜಾಗ ಸಿಗುತ್ತದೆ: ನೀವು ಅಂಚಿನಲ್ಲಿ ನಿಂತಿದ್ದೀರಿ, ಮುಂದೆ ಕೆಳಕ್ಕೆ ಇಳಿಯುವ ಕಿಂಡಿ. ಕಿಂಡಿಯ ಆಚೆ ಗೋಡೆಯಲ್ಲಿ, ನಿಮ್ಮ ಕಾಲಿಗಿಂತ ಎರಡು ಮೂರು ಕಲ್ಲು ಕೆಳಗೆ ಟ್ರ್ಯಾಪ್. ತಳದಲ್ಲಿ ಮೊಳೆ. ಮೊಳೆಯ ಪಕ್ಕದಲ್ಲೇ ಕಾಲಿಡುವಷ್ಟು ನೆಲ. ಸೀದಾ ಜಿಗಿದರೆ ಅರ್ಧ ದಾರಿಯಲ್ಲಿ ಬಾಣ ನೆಟ್ಟು, ಕೈಕಾಲು ನಿಮ್ಮ ಮಾತು ಕೇಳದೆ ಮೊಳೆಯ ಮೇಲೆ ಹೋಗಿ ಬೀಳುತ್ತೀರಿ. ಬಾಣ ತೆಗೆದದ್ದು ಎರಡೇ ಹಾರ್ಟ್. ಉಳಿದ ಎರಡು ಹಾರ್ಟ್ ಯಾವ ಕೆಲಸಕ್ಕೂ ಬರಲಿಲ್ಲ.

ಇಲ್ಲಿ ನಾನು ಮಾಡುವುದು ಇಷ್ಟು. ಅಂಚಿನಲ್ಲಿ ಕೆಳಗಿನ ಬಟನ್ ಒತ್ತಿ ಹಿಡಿಯುತ್ತೇನೆ. ಸ್ವಲ್ಪ ಹೊತ್ತಿಗೆ ಪರದೆ ಕೆಳಗೆ ಸರಿದು ತಳ ಕಾಣುತ್ತದೆ. ಕೈಯಲ್ಲಿರುವ ಕಲ್ಲನ್ನು ಕಿಂಡಿಯೊಳಗೆ ಹಾಕುತ್ತೇನೆ. ಬಾಣ ಕಲ್ಲಿಗೆ ಹೋಯಿತು. ಆಮೇಲೆ ಬಗ್ಗಿ ತೆವಳಿಕೊಂಡು ಅಂಚು ದಾಟಿದರೆ ಬೀಳುವುದಿಲ್ಲ, ಅಂಚು ಹಿಡಿದು ಜೋತುಬೀಳುತ್ತೀರಿ. ಅಲ್ಲಿಂದ ಕೈಬಿಟ್ಟರೆ ಬೀಳುವ ಎತ್ತರವೂ ಕಡಿಮೆ, ಎಲ್ಲಿ ಬೀಳಬೇಕು ಅನ್ನುವುದೂ ನಿಮ್ಮ ಕೈಯಲ್ಲಿ. ಇನ್ನೂ ಭಯ ಇದ್ದರೆ ಅಂಚಿನಲ್ಲಿ ಬಗ್ಗಿಕೊಂಡೇ ಹಗ್ಗ ಬಿಡಿ. ನಿಂತು ಎಸೆದರೆ ಮೇಲಕ್ಕೆ ಹೋಗುವ ಹಗ್ಗ, ಬಗ್ಗಿ ಬಿಟ್ಟರೆ ಕೆಳಕ್ಕೆ ಇಳಿಯುತ್ತದೆ. ಎಷ್ಟೋ ಜನ ಇದನ್ನು ತಿಳಿಯದೆಯೇ ತಿಂಗಳುಗಟ್ಟಲೆ ಆಡುತ್ತಾರೆ.

ಅದಕ್ಕೇ ಕೈ ಖಾಲಿ ಬಿಡಬಾರದು. ಕಲ್ಲು, ಮಡಕೆ, ತಲೆಬುರುಡೆ, ಬಿದ್ದ ಬಾಣ, ಏನಾದರೂ ಒಂದು ಇರಲಿ. ಒಂದು ತೊಡಕಿದೆ: ಕೈಯಲ್ಲಿ ವಸ್ತು ಇದ್ದಾಗ ಚಾವಟಿ ಬೀಸುವ ಬಟನ್ ಒತ್ತಿದರೆ ವಸ್ತು ಹಾರಿಹೋಗುತ್ತದೆ, ಚಾವಟಿ ಬರುವುದಿಲ್ಲ. ಬಾವಲಿ ಎದುರಿಗೆ ಬಂದಾಗ ಇದು ನೆನಪಿಲ್ಲದಿದ್ದರೆ ಕಷ್ಟ. ಬಗ್ಗಿ ವಸ್ತುವನ್ನು ನೆಲಕ್ಕಿಟ್ಟು ಆಮೇಲೆ ಹೊಡೆಯುವುದು ಕೈಗೆ ರೂಢಿಯಾಗಬೇಕು. ಮಡಕೆಯನ್ನು ಮಾತ್ರ ಬಹಳ ದೂರ ಹೊತ್ತುಕೊಂಡು ಹೋಗುವುದಿಲ್ಲ ನಾನು. ಒಡೆದರೆ ರತ್ನವೂ ಇರಬಹುದು, ಹಾವೂ ಇರಬಹುದು.

ಬಾವಲಿಯ ವಿಷಯದಲ್ಲಿ ಅಣ್ಣನ ಮಗನಿಗೂ ನನಗೂ ದಿನಾ ಜಗಳ. "ಕಾಕಾ, ಒಂದ ಹಾರ್ಟ್ ಹೋಗೂದು, ನೀ ಯಾಕ ಅದಕ್ಕ ಇಷ್ಟ ಹೆದರ್ತಿ?" ಅನ್ನುತ್ತಾನೆ. ಹೆದರುವುದು ಬಾವಲಿಗಲ್ಲಪ್ಪಾ, ನಿನ್ನ ಬೆನ್ನ ಹಿಂದೆ ಇರುವುದಕ್ಕೆ ಅಂದರೆ ಕೇಳುವುದಿಲ್ಲ. ಛಾವಣಿಯಲ್ಲಿ ನೇತಾಡುವ ಬಾವಲಿ ಕಂಡರೆ ನಾನು ಮೊದಲು ಅದರ ಲೆಕ್ಕ ಚುಕ್ತಾ ಮಾಡಿಯೇ ಮುಂದೆ ಹೋಗುವುದು. ಒಂದು ಹೆಜ್ಜೆ ಮುಂದಿಟ್ಟು ಎಬ್ಬಿಸುತ್ತೇನೆ. ಆಮೇಲೆ ಹಿಂದೆ ಸರಿದು ಅಗಲ ನೆಲದ ನಡುವೆ ನಿಲ್ಲುತ್ತೇನೆ. ಅದು ಎದೆಯ ಮಟ್ಟಕ್ಕೆ ಇಳಿಯುವವರೆಗೆ ಕಾಯಬೇಕು. ಕಾಯುವುದೇ ಕಷ್ಟ. ಚಾವಟಿ ಮುಂದೆ ಬರುವ ಮೊದಲು ಒಮ್ಮೆ ಹಿಂದಕ್ಕೂ ಬೀಸುತ್ತದೆ. ಹಾಗಾಗಿ ಹಿಂದೆ ಬಂದ ಬಾವಲಿಗೆ ತಿರುಗದೆಯೇ ಹೊಡೆಯಬಹುದು. ಜೇಡಕ್ಕೂ ಹೆಚ್ಚುಕಮ್ಮಿ ಇದೇ ಮದ್ದು. ಕೆಳಗೆ ಹೋದಂತೆ ಮಾಡಿ ಹಿಂದೆ ಸರಿದರೆ ಅದು ಬೀಳುತ್ತದೆ, ಬಿದ್ದ ಕೂಡಲೇ ಬಾರಿಸಿ. ಹಾವು ಪಾಪ, ತನ್ನ ಹಲಗೆ ಬಿಟ್ಟು ಇಳಿಯುವುದಿಲ್ಲ. ತಲೆಯ ಮೇಲೆ ಜಿಗಿದರೆ ಸಾಕು.

ಇಷ್ಟೆಲ್ಲ ನಿಧಾನ ಮಾಡುತ್ತಾ ಕೂತರೆ ಇನ್ನೊಂದು ಪೀಡೆ ಬರುತ್ತದೆ. ಲೆವೆಲ್ಲಿಗೆ ಬಂದು ಎರಡೂವರೆ ನಿಮಿಷವಾದರೆ ದೆವ್ವ ಹೊರಡುತ್ತದೆ. ಗೋಡೆ ಗೀಡೆ ಅದಕ್ಕಿಲ್ಲ. ನಿಧಾನವಾಗಿ ತೇಲಿಕೊಂಡು ಬರುತ್ತದೆ, ಮುಟ್ಟಿದರೆ ಮುಗಿಯಿತು. ಅದು ರತ್ನಗಳ ಮೇಲೆ ಹಾದುಹೋದರೆ ಅವು ವಜ್ರವಾಗುತ್ತವೆ ಅಂತ, ಪಳಗಿದವರು ಬೇಕಂತಲೇ ಅದನ್ನು ಕರೆದು ಗುಹೆಯೆಲ್ಲ ಸುತ್ತಾಡಿಸುತ್ತಾರೆ. ನಮಗೆ ಆ ಶೋಕಿ ಬೇಡ. ನಾನು ಮೊದಲ ಒಂದು ನಿಮಿಷವನ್ನು ಹೊರಗೆ ಹೋಗುವ ಬಾಗಿಲು ಎಲ್ಲಿದೆ ಅಂತ ಹುಡುಕಲು ಇಡುತ್ತೇನೆ. ಬಾಗಿಲು ಕಂಡ ಮೇಲೆ ಉಳಿದ ಹೊತ್ತಿನಲ್ಲಿ ಚಿನ್ನ, ಪೆಟ್ಟಿಗೆ, ಮತ್ತೆ ನಾಯಿ. ಕಾಪಾಡಬೇಕಾದವರು ಹೆಣ್ಣೋ ಗಂಡೋ ನಾಯಿಯೋ ಅಂತ ಆಯ್ಕೆ ಕೊಟ್ಟಿದ್ದಾರೆ, ನಮ್ಮದು ಯಾವಾಗಲೂ ನಾಯಿ. ಹೊತ್ತುಕೊಂಡು ಬಾಗಿಲು ಮುಟ್ಟಿಸಿದರೆ ಒಂದು ಹಾರ್ಟ್ ವಾಪಸ್ ಸಿಗುತ್ತದೆ. ಹಾರ್ಟ್ ಸಿಗುವ ದಾರಿಗಳು ಈ ಆಟದಲ್ಲಿ ಕಡಿಮೆ, ಹಾಗಾಗಿ ಚಿನ್ನ ಬಿಟ್ಟರೂ ನಾಯಿ ಬಿಡಬೇಡಿ. ನಾಯಿಯನ್ನೇ ಬಾಣದ ಟ್ರ್ಯಾಪ್ ಮುಂದೆ ಎಸೆಯುವವರೂ ಇದ್ದಾರೆ. ನಮ್ಮ ಹುಡುಗನೂ ಒಮ್ಮೆ ಎಸೆದ. ಅವ್ವ ನೋಡಿಬಿಟ್ಟಳು, ಆವತ್ತಿನ ಪಾಳಿ ಅಲ್ಲಿಗೇ ಬಂದ್.

ಇನ್ನು ಗುಹೆಯೊಳಗಿನ ಅಂಗಡಿಕಾರ. ನಮ್ಮ ಹುಬ್ಬಳ್ಳಿ ದುರ್ಗದಬೈಲಿನ ಅಂಗಡಿಯಲ್ಲಿ ಸಾಮಾನು ಕೈಗೆತ್ತಿಕೊಂಡರೆ ಮಾಲೀಕರ ಕಣ್ಣು ನಿಮ್ಮ ಕೈ ಮೇಲೇ ಇರುತ್ತದಲ್ಲ, ಇವನೂ ಹಾಗೇ. ವ್ಯತ್ಯಾಸ ಅಂದರೆ ಇವನ ಕೈಯಲ್ಲಿ ಶಾಟ್‌ಗನ್ ಇದೆ. ದುಡ್ಡು ಕೊಡದೆ ಹೊರಟರೆ, ಅಂಗಡಿಯ ಗೋಡೆ ಒಡೆದರೆ, ಅವನಿಗೆ ಏನಾದರೂ ತಗುಲಿದರೆ ಗುಂಡು ಹಾರಿಸುತ್ತಾ ಎಗರಾಡುತ್ತಾನೆ. ಅಲ್ಲಿಂದ ತಪ್ಪಿಸಿಕೊಂಡರೂ ಮುಂದಿನ ಲೆವೆಲ್ಲಿನ ಬಾಗಿಲಲ್ಲಿ ಒಬ್ಬ ಕಾಯುತ್ತಿರುತ್ತಾನೆ. ಕಳ್ಳತನದ ಲಾಭ ಮೊದಲ ದಿನಗಳಲ್ಲಿ ಯಾರಿಗೂ ಗಿಟ್ಟುವುದಿಲ್ಲ, ಬರೆದಿಟ್ಟುಕೊಳ್ಳಿ.

ಅಂಗಡಿಯ ವಿಷಯದಲ್ಲಿ ಕಣ್ಣಿಗೆ ಕಾಣದ ಅಪಾಯ ಬೇರೆಯೇ ಇದೆ. ಗಣಿಯಲ್ಲಿ ಚಿನ್ನದ ವಿಗ್ರಹ ಎತ್ತಿದರೆ ದೊಡ್ಡ ಬಂಡೆ ಉರುಳುತ್ತದೆ. ಬಂಡೆಯಿಂದ ನೀವು ತಪ್ಪಿಸಿಕೊಳ್ಳಬಹುದು. ಅದು ಉರುಳಿಹೋಗಿ ಅಂಗಡಿಯ ಗೋಡೆ ಒಡೆದರೆ? ಅಂಗಡಿಕಾರನಿಗೆ ನೀವೇ ಕಳ್ಳರು. ಹಾಗಾಗಿ ವಿಗ್ರಹ ಮುಟ್ಟುವ ಮೊದಲು ಬಂಡೆ ಎತ್ತ ಹೋಗುತ್ತದೆ, ಆ ಕಡೆ ಅಂಗಡಿ ಇದೆಯೇ ಅಂತ ನೋಡುತ್ತೇನೆ. ಇದ್ದರೆ ವಿಗ್ರಹಕ್ಕೆ ದೂರದಿಂದಲೇ ಕೈಮುಗಿದು ಮುಂದೆ.

ಏನು ಕೊಳ್ಳಬೇಕು? ದುಡ್ಡಿದ್ದರೆ ಬಾಂಬ್ ಮೊದಲು. ಹಗ್ಗ ಮುಗಿದಿದ್ದರೆ ಹಗ್ಗ. ಬೆನ್ನ ಮೇಲೆ ಇಳಿಬಿಡುವ ಕೇಪ್ ಸಿಕ್ಕರೆ ಕಣ್ಣುಮುಚ್ಚಿ ಕೊಳ್ಳಿ, ಬೀಳುವುದು ನಿಧಾನವಾಗುತ್ತದೆ. ಬೆನ್ನಿಗೆ ಕಟ್ಟಿಕೊಂಡು ಹಾರುವ ಜೆಟ್‌ಪ್ಯಾಕ್ ಸಿಕ್ಕರೆ ಆವತ್ತು ನಿಮ್ಮ ಹಣೆಬರಹ ಚೆನ್ನಾಗಿದೆ. ಗೋಡೆಗೆ ಅಂಟುವ ಗ್ಲೌಸ್ ಅಂದರೆ ನಮ್ಮ ಹುಡುಗನಿಗೆ ಪ್ರಾಣ, ನನಗೆ ಬೇಡವೇ ಬೇಡ. ಕೆಳಗೆ ಹೋಗಬೇಕು ಅಂದಾಗಲೂ ಅದು ಗೋಡೆಗೆ ಅಂಟಿಸಿ ನಿಲ್ಲಿಸುತ್ತದೆ. ನಾನು ಬೀಳುವ ಜಾಗ ನಾನೇ ಆರಿಸಿಕೊಳ್ಳಬೇಕು ಅನ್ನುವವನು, ಆ ಆಯ್ಕೆಯನ್ನು ಗ್ಲೌಸ್ ಮಾಡುವುದು ನನಗೆ ಒಗ್ಗುವುದಿಲ್ಲ.

ಗಣಿ ದಾಟಿದರೆ ಕಾಡು. ಟಿಕಿ ಕಂಬಗಳಿಂದ ಈಟಿ ಹೊರಬರುತ್ತದೆ. ಹತ್ತಿರ ಹೋದಂತೆ ಮಾಡಿ ಈಟಿ ಬರಿಸಿ, ಒಳಗೆ ಹೋದಮೇಲೆ ದಾಟಿ. ನೀರಿದ್ದರೆ ಪಿರಾನ್ಹಾ ಮೀನು ಇದೆ ಅಂತಲೇ ತಿಳಿಯಿರಿ. ಕಾಡಿನ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳುವುದು ಬೇಡ, ಆಡಿದರೇ ಗೊತ್ತಾಗುವುದು.

ಹಿಮದ ಗುಹೆಯಲ್ಲಿ ಮಾತ್ರ ನನ್ನ ಮಾತು ಪೂರಾ ರುಜುವಾಗುತ್ತದೆ. ಅಲ್ಲಿ ತಳವೇ ಇಲ್ಲ. ಕೆಳಗೆ ಬಿದ್ದರೆ ಹಾರ್ಟ್ ಎಣಿಸುವ ಪ್ರಶ್ನೆಯೇ ಬರುವುದಿಲ್ಲ. ಯೇಟಿ ಅನ್ನುವ ಬಿಳಿ ರಾಕ್ಷಸ ಹಿಡಿದು ಎತ್ತಿ ಎಸೆಯುತ್ತದೆ. ಏಟು ಸಣ್ಣದು, ಎಸೆಯುವುದು ಮಾತ್ರ ಪಾತಾಳಕ್ಕೆ. ಹಿಮದ ಮೇಲೆ ಕಾಲೂ ಜಾರುತ್ತದೆ. ಹುಡುಗ ಅಲ್ಲಿಯವರೆಗೆ ಎಂಟು ಹಾರ್ಟ್ ಕೂಡಿಸಿಕೊಂಡು ಹೋಗಿದ್ದ. ಯೇಟಿ ಕಂಡಿತು, ಏಳು ಹಾರ್ಟ್ ಉಳಿದಿರುವಾಗಲೇ ಔಟಾದ. ಎರಡು ದಿನ ಮಾತಾಡಲಿಲ್ಲ ನನ್ನ ಹತ್ತಿರ, ನಾನೇನೋ ತಳ್ಳಿದ ಹಾಗೆ. ಈಗ ಅವನೂ ಯೇಟಿ ಕಂಡರೆ ಮೊದಲು ಹಿಂದೆ ನೋಡುತ್ತಾನೆ.

ಸುರಂಗ ತೋಡುವವನೊಬ್ಬ ಸಿಗುತ್ತಾನೆ. ಗಣಿ ಮುಗಿದಾಗ ಅವನು ಕೇಳುವುದನ್ನು ಒಂದೊಂದು ಸಲಕ್ಕೆ ಒಂದೊಂದು ಕೊಟ್ಟರೆ, ಮೊದಲು ಒಂದು ಬಾಂಬ್, ಆಮೇಲೆ ಒಂದು ಹಗ್ಗ, ಆಮೇಲೆ 10,000 ಡಾಲರ್ ಆಟದ ದುಡ್ಡು, ಸೀದಾ ಕಾಡಿಗೆ ಹೋಗುವ ಒಳದಾರಿ ತೆರೆಯುತ್ತದೆ. ಮುಂದೆ ಹಿಮಕ್ಕೂ, ಅದರಾಚೆಯ ಭಾಗವಾದ ದೇವಸ್ಥಾನಕ್ಕೂ ಹೀಗೇ. ಕೊಡಿ, ದಾರಿ ತೆರೆಯಿರಿ. ಆದರೆ ಗೆಲ್ಲಲು ಆ ದಾರಿಯಲ್ಲಿ ಹೋಗಬೇಡಿ. ನಾಲ್ಕೇ ಬಾಂಬ್, ನಾಲ್ಕೇ ಹಗ್ಗ ಹಿಡಿದು ದೇವಸ್ಥಾನದಲ್ಲಿ ಇಳಿದರೆ ಬದುಕುವುದು ಕಷ್ಟ. ನಾನು ಒಳದಾರಿಯನ್ನು ಬಳಸುವುದು ಅಭ್ಯಾಸಕ್ಕೆ ಮಾತ್ರ. ಯೇಟಿ ಹೇಗೆ ಹಿಡಿಯುತ್ತದೆ, ಜಜ್ಜುವ ಕಲ್ಲು ಎಷ್ಟು ದೂರದಿಂದ ಹೊರಡುತ್ತದೆ ಅಂತ ನೋಡಿಕೊಂಡು ಬರುವುದು. ನಿಜವಾದ ಆಟ ಗಣಿಯಿಂದಲೇ.

ಕೊನೆಗೆ ಎದುರಾಗುವ ಒಲ್ಮೆಕ್ ಅನ್ನುವ ಕಲ್ಲಿನ ತಲೆಗೂ ಹೊಡೆದಾಟ ಬೇಕಿಲ್ಲ. ಅದು ನಿಮ್ಮ ಮೇಲೆ ಬಂದು ಕೂರಲು ಎಗರುತ್ತದೆ, ಎಗರಿ ಬಿದ್ದಲ್ಲೆಲ್ಲ ನೆಲ ಒಡೆಯುತ್ತದೆ. ಒಂದೇ ಜಾಗದ ಆಚೆ ಈಚೆ ಓಡಾಡಿ ನೆಲ ತೆಗೆಸುತ್ತಾ ಹೋದರೆ ತಾನೇ ಕೆಳಗಿನ ಲಾವಾಕ್ಕೆ ಇಳಿಯುತ್ತದೆ. ಬಾಂಬ್ ಉಳಿದಿದ್ದರೆ ಕೆಲಸ ಬೇಗ.

ಅದರಾಚೆಗೆ ನರಕ ಇದೆ, ನಾವಿನ್ನೂ ಕಂಡಿಲ್ಲ. ಅದಕ್ಕೆ ಗಣಿಯಲ್ಲಿ ಕೀಲಿ ಹುಡುಕಿ ಪೆಟ್ಟಿಗೆ ತೆರೆಯಬೇಕು, ಕಾಡಿನಲ್ಲಿ ಅಡಗಿರುವ ಕಳ್ಳಸಂತೆ ಹುಡುಕಿ ಆಂಕ್ ಅನ್ನುವ ತಾಯಿತ ಕೊಳ್ಳಬೇಕು. ಅದು ಒಂದು ಸಾವಿನಿಂದ ಎಬ್ಬಿಸುತ್ತದೆ. ಆಮೇಲೆ ಹಿಮದ ಗುಹೆಯಲ್ಲಿ ಮೊಆಯ್ ಕಲ್ಲುಮುಖ ಸಿಗುವ ಲೆವೆಲ್ಲಿನಲ್ಲಿ ಬೇಕಂತಲೇ ಸಾಯಬೇಕು. ಆಗ ಆ ಮುಖದ ಒಳಗೆ ಎದ್ದು ಅಲ್ಲಿರುವ ಕಿರೀಟ ತೆಗೆದುಕೊಳ್ಳಬಹುದು. ಹುಡುಗ ಇದನ್ನು ಕೇಳಿದ್ದೇ ತಡ, "ಕಾಕಾ, ಅದೊಂದ್ ಕೆಲಸ ನಂಗ ಬಿಡು" ಅಂದ. ಆಂಕ್‌ಗೆ 50,000 ಕೂಡಿಸುವುದು ನನ್ನ ಪಾಲಿಗೆ ಬಂದಿದೆ.