ಝೋರ್ಕಿ-4 ಮೇಲೆ ಜುಪಿಟರ್-12: ಕಲಬುರಗಿ ಬಿಸಿಲಲ್ಲಿ ನನ್ನ ಅನುಭವ

ಜುಪಿಟರ್-12 ಕೈಗೆ ಬಂದರೆ ನಾನು ಮೊದಲು ತಿರುಗಿಸಿ ಹಿಂದಿನ ಗಾಜು ನೋಡುತ್ತೇನೆ. ನಾನು ಝೋರ್ಕಿ-4 ಎಂಬ ಸೋವಿಯತ್ ಫಿಲ್ಮ್ ಕ್ಯಾಮೆರಾಕ್ಕೆ ಹಾಕುವ 35 ಮಿ.ಮೀ., ಎಫ್/2.8ರ ಈ ಸೋವಿಯತ್ ಲೆನ್ಸ್‌ಗೆ ಜರ್ಮನಿಯ ಝೈಸ್ ಕಂಪನಿಯ ಬಯೋಗಾನ್ ಲೆನ್ಸ್ ಮೂಲ. ಹಿಂದಿನ ದಪ್ಪ ಗಾಜು ಕ್ಯಾಮೆರಾ ಒಳಗೆ ಶಟರ್ ಬಟ್ಟೆಯ ಹತ್ತಿರದವರೆಗೂ ಚಾಚಿಕೊಂಡಿರುತ್ತದೆ. ಚಪ್ಪಟೆ ಮುಚ್ಚಳ ಅದಕ್ಕೆ ಕೂರುವುದಿಲ್ಲ. ಬರಿಗಾಜನ್ನೇ ಮೇಜಿನ ಮೇಲೆ ಇಟ್ಟು ಗೀರು ಬೀಳಿಸಿದವರೇ ಹೆಚ್ಚು. ಆಳದ ಮುಚ್ಚಳವನ್ನೂ ಕೇಳಿ ತೆಗೆದುಕೊಳ್ಳಿ.

ಹಾಕುವಾಗ ಕ್ಯಾಮೆರಾ ಮುಖ ಮೇಲೆ ಮಾಡಿ ಲೆನ್ಸನ್ನು ನೇರವಾಗಿ ಇಳಿಸುತ್ತೇನೆ. ಮೊದಲು ಸ್ವಲ್ಪ ಹಿಂದಕ್ಕೆ ತಿರುಗಿಸಿದರೆ ತಿರುಪಿನ ಎಳೆ ತಾನಾಗಿ ಕೂರುತ್ತದೆ, ಆಮೇಲೆ ಮುಂದಕ್ಕೆ. ಹಳೆಯ ಝೆನಿಟ್ ಕ್ಯಾಮೆರಾದ ತಿರುಪೂ ಇದರಂತೆಯೇ ಎಂ39 (39 ಮಿ.ಮೀ. ಅಗಲ) ಎಂದು ಅದಕ್ಕೆ ಹಾಕಲು ಹೋಗಬೇಡಿ, ಗಾಜು ಒಳಗಿನ ಕನ್ನಡಿಗೆ ಬಡಿಯುತ್ತದೆ.

ಫಿಲ್ಮ್ ಹಾಕುವ ಮುಂಚೆ ಫೋಕಸ್ ಸರಿಯಿದೆಯೇ ಎಂದು ಒಂದು ಪರೀಕ್ಷೆ. 34 ಮಿ.ಮೀ. ಅಗಲದ ಗಾಜಿನ ಪಟ್ಟಿಯ ಒಂದು ಮುಖ ಉಜ್ಜಿ ಮಬ್ಬು ಮಾಡಿಟ್ಟುಕೊಂಡಿದ್ದೇನೆ. ಝೋರ್ಕಿ-4ರ ಹಿಂಬದಿ ಪೂರ್ತಿ ಕಳಚಿ ಬರುವುದು ಇಲ್ಲಿ ಅನುಕೂಲ. ಶಟರನ್ನು ‘ಬಿ’ಗೆ (ಗುಂಡಿ ಒತ್ತಿರುವಷ್ಟು ಹೊತ್ತು ತೆರೆದಿರುವ ಸ್ಥಾನ) ಇಟ್ಟು, ಗುಂಡಿಯನ್ನು ಒತ್ತಿ ಹಿಡಿಯುವ ಬೀಗದ ತಂತಿಯಿಂದ (ಕೇಬಲ್ ರಿಲೀಸ್) ತೆರೆದು ನಿಲ್ಲಿಸಿ, ಮಬ್ಬು ಮುಖ ಲೆನ್ಸ್ ಕಡೆಗಿರುವಂತೆ ಗಾಜನ್ನು ಒಳಗಿನ ಜೋಡಿ ಹಳಿಗಳ ಮೇಲೆ ಒತ್ತಿ ಹಿಡಿಯಬೇಕು. ಫಿಲ್ಮ್ ಕೂರುವುದು ಅಲ್ಲಿ. ಹೊರಗಿನ ಹಳಿಗಳು ತುಸು ಎತ್ತರ, ಫಿಲ್ಮನ್ನು ಹಿಂದಿನಿಂದ ಒತ್ತಿ ಹಿಡಿಯುವ ಫಲಕಕ್ಕೆ ಇರುವಂಥವು. ಅವುಗಳ ಮೇಲೆ ಗಾಜಿಟ್ಟರೆ ಲೆಕ್ಕವೇ ತಪ್ಪುತ್ತದೆ. ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್/2.8ಕ್ಕೆ ಪೂರ್ತಿ ತೆರೆದು, ದೂರದ ಗುಮ್ಮಟದ ತುದಿಯನ್ನು ಭೂತಗನ್ನಡಿಯಲ್ಲಿ ನೋಡುತ್ತೇನೆ. ಲೆನ್ಸಿನ ಮೇಲಿನ ಅನಂತದ (ಅತಿ ದೂರದ) ಗುರುತಿನಲ್ಲಿ ಅದು ಚೂಪಾಗಿ ಕಾಣಬೇಕು, ಬಿಂಬಗಳನ್ನು ಕೂಡಿಸಿ ಫೋಕಸ್ ಮಾಡುವ ಕ್ಯಾಮೆರಾದ ರೇಂಜ್‌ಫೈಂಡರ್‌ನಲ್ಲೂ ಎರಡು ಬಿಂಬ ಕೂಡಬೇಕು. ಗಾಜಿನಲ್ಲಿ ಸರಿಯಿದ್ದು ಬಿಂಬ ಕೂಡದಿದ್ದರೆ ದೋಷ ರೇಂಜ್‌ಫೈಂಡರಿನದು. ಗಾಜಿನಲ್ಲೇ ಮಬ್ಬಾಗಿದ್ದರೆ ಯಾರೋ ಲೆನ್ಸ್ ಬಿಚ್ಚಿ ತಪ್ಪಾಗಿ ಜೋಡಿಸಿರುವ ಸಾಧ್ಯತೆ ಹೆಚ್ಚು.

ನಮ್ಮ ಕಡೆ ಬಿಸಿಲು ಅಂದ್ರ ಮತ್ತೆ ಹೇಳೋದು ಬ್ಯಾಡ. ಶಟರ್ ಬಟ್ಟೆಯದು, ಮುಂದೆ ಕನ್ನಡಿಯ ಅಡ್ಡ ಇಲ್ಲ. ಮುಚ್ಚಳ ತೆಗೆದ ಲೆನ್ಸ್ ಅನಂತದಲ್ಲಿದ್ದು ಸೂರ್ಯನ ಕಡೆ ತಿರುಗಿದರೆ ಸುಮಾರು 0.3 ಮಿ.ಮೀ. ಬಿಂಬ ಬಟ್ಟೆಯ ಮೇಲೆ ಬಿದ್ದು ತೂತು ಸುಡುತ್ತದೆ. ಪ್ರಿಂಟ್‌ಗಳಲ್ಲಿ ಒಂದೇ ಜಾಗದಲ್ಲಿ ಬಿಳಿ ಚುಕ್ಕೆ ಬರತೊಡಗಿದರೆ ಇದನ್ನೇ ಅನುಮಾನಿಸಿ. ಚಿತ್ರ ತೆಗೆಯದಾಗ ನಾನು ಮುಚ್ಚಳ ಹಾಕಿ, ಎಫ್/16, 1 ಮೀಟರ್‌ಗೆ ಇಟ್ಟುಬಿಡುತ್ತೇನೆ. ಇನ್ನೊಂದು: ಈ ಕ್ಯಾಮೆರಾದಲ್ಲಿ ಫಿಲ್ಮ್ ಮುಂದಕ್ಕೆ ಸುತ್ತಿದ ಮೇಲೆಯೇ ವೇಗ ಬದಲಿಸಬೇಕು, ಇಲ್ಲದಿದ್ದರೆ ಶಟರ್ ಯಂತ್ರ ಕೆಡಬಹುದು.

ಹೊರಗೆ ಬಿಸಿಲಲ್ಲಿ ಐಎಸ್‌ಒ 100ರ ಫಿಲ್ಮ್‌ಗೆ 1/250 ಸೆಕೆಂಡ್, ಎಫ್/11. ಫೋಕಸ್ ಗುರುತನ್ನು 3.7 ಮೀಟರ್‌ಗೆ ಇಟ್ಟರೆ ಸುಮಾರು 1.9 ಮೀಟರ್‌ನಿಂದ ಅನಂತದವರೆಗೆ ಚೂಪು. ರೇಂಜ್‌ಫೈಂಡರ್ ನೋಡುವುದೇ ಬೇಡ. ಕೋಟೆಯೊಳಗಿನ 1367ರ ಜಾಮಾ ಮಸೀದಿಯಲ್ಲಿ ಇದು ನಡೆಯುವುದಿಲ್ಲ. ಅಂಗಳವಿಲ್ಲದೆ ಪೂರ್ತಿ ಗುಮ್ಮಟಗಳಡಿ ಮುಚ್ಚಿದ ಕಟ್ಟಡ, ಬೆಳಕು ಬದಿಯ ಕಮಾನುಗಳಿಂದ ಬರಬೇಕು. 400ರ ಫಿಲ್ಮ್, ಎಫ್/4, 1/30, ಬೆನ್ನು ಕಂಬಕ್ಕೆ. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಇಲ್ಲಿ ರೇಂಜ್‌ಫೈಂಡರ್ ಬೇಕೇ ಬೇಕು, ಆದರೆ ಅದರ ಬಿಂಬ ಮಸುಕು. ಬೆಳಕಿಗೆ ಎದುರಾಗಿ ಕಪ್ಪಾಗಿ ಕಾಣುವ ಕಮಾನಿನ ಅಂಚಿನ ಮೇಲೆ ಹೊಂದಿಸಿದರೆ ಕೂಡಿದ್ದು ಕಣ್ಣಿಗೆ ಬೀಳುತ್ತದೆ.

ಚೌಕಟ್ಟಿಗೆ ಮೇಲೊಂದು 35 ಮಿ.ಮೀ. ವ್ಯೂಫೈಂಡರ್ ಸಿಕ್ಕಿಸಲೇಬೇಕು, ಕ್ಯಾಮೆರಾದೊಳಗಿನದು 50 ಮಿ.ಮೀ. ಲೆನ್ಸಿನ ನೋಟ. ಸಿಕ್ಕಿಸಿದ ವ್ಯೂಫೈಂಡರ್ ಲೆನ್ಸಿಗಿಂತ ಆರೇಳು ಸೆಂ.ಮೀ. ಮೇಲಿರುವುದರಿಂದ 1 ಮೀಟರ್ ದೂರದಲ್ಲಿ ಚಿತ್ರದ ಮೇಲ್ಭಾಗ ಹತ್ತರಲ್ಲಿ ಒಂದು ಪಾಲು ಕತ್ತರಿಸಿ ಹೋಗುತ್ತದೆ. ಎತ್ತರದ ಗೋಡೆಗೆ ಕ್ಯಾಮೆರಾ ಮೇಲೆತ್ತಿದರೆ ಗೆರೆಗಳು ಒಳಗೆ ವಾಲುತ್ತವೆ. ಚೌಕಟ್ಟಿನ ಉದ್ದ ಬದಿ ಮೇಲೆ-ಕೆಳಗಾಗುವಂತೆ ಕ್ಯಾಮೆರಾ ಹಿಡಿದು, ಮಟ್ಟ ಬಿಡದೆ, ಕಣ್ಣಿನ ಮಟ್ಟದಿಂದ 15 ಮೀಟರ್ ಎತ್ತರ ಹಿಡಿಸಲು 29 ಮೀಟರ್ ಹಿಂದೆ ಸರಿಯಬೇಕು. 28ರ ಲೆನ್ಸಿಗೆ 23 ಸಾಕು.

40.5 ಮಿ.ಮೀ. ಹಳದಿ ಫಿಲ್ಟರ್ ಹಾಕುವುದಿದ್ದರೆ ಅಪರ್ಚರ್ ಮೊದಲೇ ನಿಗದಿ ಮಾಡಿ. ಅಪರ್ಚರ್ ಉಂಗುರ ಮುಂದಿನ ಗಾಜಿನ ಸುತ್ತ ಒಳಗೇ ಇದೆ, ಫಿಲ್ಟರ್ ಕೂತ ಮೇಲೆ ಬೆರಳು ಹೋಗುವುದಿಲ್ಲ.