ಜೆಡೆಪ್ಸ್ ಕಣ್ಣಿಗೆ ಬೀಳದ ಮಾಡ್ಯೂಲ್‌ಗಳು: ಜಾವಾ ಇಮೇಜ್ ಗಾತ್ರ ಇಳಿಸಿದ ಬಗೆ

ಜಾವಾ 21, ಸ್ಪ್ರಿಂಗ್ ಬೂಟ್ 3.3, ಒಂದು ಸಾಧಾರಣ ಬಿಲ್ಲಿಂಗ್ ಸರ್ವಿಸ್. ಕಂಟೇನರ್ ಇಮೇಜ್ ಕಟ್ಟುವ ಸೂಚನೆಗಳಿರುವ ಹಳೆಯ ಡಾಕರ್‌ಫೈಲ್‌ನಲ್ಲಿ ಇದ್ದದ್ದು ಮೂರೇ ಸಾಲು: ಟೆಮುರಿನ್ ಜೆಡಿಕೆ (ಪೂರ್ತಿ ಜಾವಾ ಕಿಟ್) ಇಮೇಜ್, ಜಾರ್ (ಅಪ್ಲಿಕೇಶನ್‌ನ ಕಟ್ಟು) ಕಾಪಿ, ಶುರುವಾಗಬೇಕಾದ ಆಜ್ಞೆ ಹೇಳುವ ಎಂಟ್ರಿಪಾಯಿಂಟ್. ಓಡುವುದೇನೋ ಓಡುತ್ತದೆ. ಆದರೆ ಆ ಜೆಡಿಕೆ ಇಮೇಜ್ ಬಿಚ್ಚಿದರೆ 400 ಎಂಬಿ ದಾಟುತ್ತದೆ. ಪ್ರೊಡಕ್ಷನ್‌ನಲ್ಲಿ ಯಾರೂ ಮುಟ್ಟದ ಜಾವಾಸಿ ಕಂಪೈಲರ್, ಬ್ಯಾಶ್ ಶೆಲ್, ಪ್ಯಾಕೇಜ್ ಹಾಕುವ ಆ್ಯಪ್ಟ್ ಎಲ್ಲ ಅದರೊಳಗೆ ಕೂತಿರುತ್ತವೆ. ಭದ್ರತಾ ಸ್ಕ್ಯಾನರ್ ಟ್ರಿವಿ ಓಡಿಸಿದರೆ ಬರುವ ಸಿವಿಇ (ಗೊತ್ತಿರುವ ಭದ್ರತಾ ದೋಷಗಳ) ಪಟ್ಟಿಯಲ್ಲಿ ಬಹುಪಾಲು ಇಂಥವುಗಳದ್ದೇ.

ಇಮೇಜ್ ಗಾತ್ರ ಇಳಿಸಲು ನಾನು ಬಳಸುವುದು ಜಾವಾ 9ರಿಂದ ಜೆಡಿಕೆ ಜತೆಗೇ ಬರುತ್ತಿರುವ ಜೆಲಿಂಕ್. ಜಾವಾದ ಬೇಕಾದ ಭಾಗಗಳನ್ನು, ಅಂದರೆ ಮಾಡ್ಯೂಲ್‌ಗಳನ್ನಷ್ಟೇ ಸೇರಿಸಿ ಒಂದು ಪುಟ್ಟ ರನ್‌ಟೈಮ್ ಕಟ್ಟಿಕೊಡುವುದು ಅದರ ಕೆಲಸ. ಯಾವ ಮಾಡ್ಯೂಲ್ ಬೇಕು ಎಂದು ಹುಡುಕಿಕೊಡುವುದು ಜೆಡೆಪ್ಸ್. ಸ್ಪ್ರಿಂಗ್ ಬೂಟ್‌ನ ದಪ್ಪ ಜಾರನ್ನು ನೇರವಾಗಿ ಜೆಡೆಪ್ಸ್‌ಗೆ ಕೊಟ್ಟರೆ ಪ್ರಯೋಜನವಿಲ್ಲ. ಜಾರ್‌ನೊಳಗಿನ ಜಾರ್‌ಗಳು ಅದಕ್ಕೆ ಕಾಣುವುದಿಲ್ಲ, ಹಾಗಾಗಿ ಪಟ್ಟಿ ಚಿಕ್ಕದಾಗಿ ಬಂದು ದಾರಿ ತಪ್ಪಿಸುತ್ತದೆ. ಮೊದಲು ಸ್ಪ್ರಿಂಗ್ ಬೂಟ್‌ನದೇ ಆದ ಜಾರ್‌ಮೋಡ್ ಟೂಲ್ಸ್‌ನ ಎಕ್ಸ್‌ಟ್ರಾಕ್ಟ್ ಆಜ್ಞೆಯಿಂದ ಜಾರನ್ನು ಬಿಚ್ಚಿ, ಹೊರಬಂದ ಲಿಬ್ ಫೋಲ್ಡರನ್ನು ಕ್ಲಾಸ್‌ಪಾತ್ ಆಗಿ ಕೊಡಬೇಕು. ಜತೆಗೆ ರಿಕರ್ಸಿವ್, ಪ್ರಿಂಟ್-ಮಾಡ್ಯೂಲ್-ಡೆಪ್ಸ್, ಇಗ್ನೋರ್-ಮಿಸ್ಸಿಂಗ್-ಡೆಪ್ಸ್ ಆಯ್ಕೆಗಳು ಮತ್ತು ಮಲ್ಟಿ-ರಿಲೀಸ್ 21. ಕೊನೆಯದನ್ನು ಮರೆತರೆ ಮಲ್ಟಿ-ರಿಲೀಸ್ ಜಾರ್ ಸಿಕ್ಕ ಕೂಡಲೇ ಜೆಡೆಪ್ಸ್ ನಿಂತುಬಿಡುತ್ತದೆ.

ಬಂದ ಪಟ್ಟಿಯಲ್ಲಿ ಜಾವಾ.ಡೆಸ್ಕ್‌ಟಾಪ್ ಕಂಡರೆ ಗಾಬರಿ ಬೇಡ. ಸರ್ವರ್‌ಗೆ ಡೆಸ್ಕ್‌ಟಾಪ್ ಯಾಕೆ ಎಂದು ಕಿತ್ತುಹಾಕುವವರಿದ್ದಾರೆ. ಸ್ಪ್ರಿಂಗ್ ನೆಚ್ಚಿಕೊಂಡಿರುವ ಜಾವಾ.ಬೀನ್ಸ್ ಪ್ಯಾಕೇಜ್ ಇರುವುದೇ ಆ ಮಾಡ್ಯೂಲ್‌ನಲ್ಲಿ.

ಆ ಪಟ್ಟಿ ಪೂರ್ತಿಯಲ್ಲ ಎನ್ನುವುದೇ ಇಡೀ ಕೆಲಸದ ತಿರುಳು. ಜೆಡೆಪ್ಸ್ ನೋಡುವುದು ಬೈಟ್‌ಕೋಡ್‌ನಲ್ಲಿರುವ ನೇರ ಉಲ್ಲೇಖಗಳನ್ನು. ರಿಫ್ಲೆಕ್ಷನ್ ಮೂಲಕ ಅಥವಾ ಸರ್ವಿಸ್ ಲೋಡರ್ ಮೂಲಕ ಬರುವವು ಅದಕ್ಕೆ ಗೊತ್ತಾಗುವುದಿಲ್ಲ. ಬಿಲ್ಡ್ ಹಸಿರಾಗಿರುತ್ತದೆ, ಸರ್ವಿಸ್ ಏಳುತ್ತದೆ, ಪೆಟ್ಟು ಆಮೇಲೆ. ನಾನು ಕೈಯಾರೆ ಸೇರಿಸುವವು ಮುಖ್ಯವಾಗಿ ಎರಡು.

ಮೊದಲನೆಯದು ಜೆಡಿಕೆ.ಕ್ರಿಪ್ಟೊ.ಇಸಿ. ಇದಿಲ್ಲದಿದ್ದರೆ ಎಲಿಪ್ಟಿಕ್ ಕರ್ವ್ ಬಳಸುವ ಟಿಎಲ್‌ಎಸ್ (ಗೂಢಲಿಪಿ ಸಂಪರ್ಕ) ನಡೆಯುವುದಿಲ್ಲ. ಹೊರಗಿನ ಪೇಮೆಂಟ್ ಗೇಟ್‌ವೇಗೆ ಮೊದಲ ಕರೆ ಹೋದಾಗ ಹ್ಯಾಂಡ್‌ಶೇಕ್ ಫೇಲ್ಯೂರ್ ಎಂದಷ್ಟೇ ಲಾಗ್ ಬರುತ್ತದೆ. ಸರ್ಟಿಫಿಕೇಟ್‌ನ ತಪ್ಪಿರಬೇಕು ಎಂದು ಅರ್ಧ ದಿನ ಅಲ್ಲೇ ತಡಕಾಡಬಹುದು. ಜಾವಾ 22ರಿಂದ ಈ ಕೋಡ್ ಜಾವಾ.ಬೇಸ್‌ಗೇ ಸೇರಿಹೋಗಿದೆ, 21ರಲ್ಲಿ ಮಾತ್ರ ನಾವೇ ಸೇರಿಸಬೇಕು.

ಎರಡನೆಯದು ಕನ್ನಡದಲ್ಲಿ ಬಿಲ್ ಕೊಡುವ ಯಾರಿಗಾದರೂ ತಟ್ಟುವಂಥದ್ದು: ಜೆಡಿಕೆ.ಲೊಕೇಲ್‌ಡೇಟಾ. ಜಾವಾ.ಬೇಸ್‌ನಲ್ಲಿ ಅಮೆರಿಕನ್ ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆಯ ದತ್ತಾಂಶ ಇರುವುದಿಲ್ಲ. ದಿನಾಂಕ ಬರೆಯುವ ಡೇಟ್‌ಟೈಮ್‌ಫಾರ್ಮ್ಯಾಟರ್‌ಗೆ ಕನ್ನಡದ ಲೊಕೇಲ್ (ಭಾಷೆ-ದೇಶದ ಗುರುತು) ಕೊಟ್ಟು ತಿಂಗಳ ಹೆಸರು ಕೇಳಿದರೆ ‘ಅಕ್ಟೋಬರ್’ ಕನ್ನಡದಲ್ಲಿ ಬರುವುದಿಲ್ಲ. ಎಕ್ಸೆಪ್ಶನ್ ಕೂಡ ಬರುವುದಿಲ್ಲ, ಅದೇ ಕಷ್ಟ. ಮಾಡ್ಯೂಲ್ ಪೂರ್ತಿ ಸೇರಿಸಿದರೆ ಜಗತ್ತಿನ ಭಾಷೆಗಳೆಲ್ಲ ಒಳಗೆ ಬರುತ್ತವೆ. ಜೆಲಿಂಕ್‌ನ ಇನ್‌ಕ್ಲೂಡ್-ಲೊಕೇಲ್ಸ್ ಆಯ್ಕೆಗೆ ಇಂಗ್ಲಿಷ್‌ನ ಕೋಡ್ ಜತೆಗೆ ನಕ್ಷತ್ರ ಚಿಹ್ನೆ, ಹೈಫನ್, ಭಾರತದ ಎರಡಕ್ಷರದ ಕೋಡ್ ಕೊಟ್ಟರೆ ನಮ್ಮ ಭಾಷೆಗಳಷ್ಟೇ ಉಳಿಯುತ್ತವೆ. ಇದನ್ನು ಕಾಯಲು ಒಂದು ಟೆಸ್ಟ್ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಆ ಟೆಸ್ಟ್ ಓಡಬೇಕಾದ್ದು ಜೆಲಿಂಕ್ ಮಾಡಿದ ರನ್‌ಟೈಮ್‌ನಲ್ಲಿ. ಮೇವನ್ ಬಿಲ್ಡ್‌ನಲ್ಲಿ ಪೂರ್ತಿ ಜೆಡಿಕೆ ಇರುವುದರಿಂದ ಅಲ್ಲಿ ಅದು ಸದಾ ಪಾಸ್.

ಜೆಲಿಂಕ್‌ಗೆ ನೋ-ಮ್ಯಾನ್-ಪೇಜಸ್, ನೋ-ಹೆಡರ್-ಫೈಲ್ಸ್, ಸ್ಟ್ರಿಪ್-ಡೀಬಗ್ ಕೊಡುತ್ತೇನೆ. ಸ್ಟ್ರಿಪ್-ಡೀಬಗ್‌ಗೆ ಆಬ್ಜ್‌ಕಾಪಿ ಎಂಬ ಸಾಧನ ಬೇಕು, ಬಿಲ್ಡ್ ಇಮೇಜ್‌ನಲ್ಲಿ ಅದಿರುವ ಬಿನ್‌ಯುಟಿಲ್ಸ್ ಪ್ಯಾಕೇಜ್ ಇಲ್ಲದಿದ್ದರೆ ಅಲ್ಲೇ ಬೀಳುತ್ತದೆ. ಸ್ಟ್ಯಾಕ್ ಟ್ರೇಸ್‌ನಲ್ಲಿ ಜೆಡಿಕೆ ಕ್ಲಾಸ್‌ಗಳ ಸಾಲಿನ ಸಂಖ್ಯೆ ಹೋಗುತ್ತದೆ, ನಮ್ಮ ಜಾರ್‌ನದ್ದು ಉಳಿಯುತ್ತದೆ. ಕಂಪ್ರೆಸ್ ಆಯ್ಕೆಗೆ ಜಾವಾ 21ರಿಂದ ಜಿಪ್-6 ಎಂಬ ಹೊಸ ರೂಪ ಬಂದಿದೆ, ಹಳೆಯ ಲೇಖನಗಳಲ್ಲಿ ಕಾಣುವ ‘2’ ಹಿಂದಿನದು. ಇಮೇಜ್‌ಗಳನ್ನು ಇಡುವ ರಿಜಿಸ್ಟ್ರಿಗೆ ಹೋಗುವ ಲೇಯರ್ ಹೇಗೂ ಕಂಪ್ರೆಸ್ ಆಗಿರುವುದರಿಂದ ಪುಲ್ ಮಾಡುವಾಗ ಇದರಿಂದ ದೊಡ್ಡ ಉಳಿತಾಯ ನಿರೀಕ್ಷಿಸಬೇಡಿ.

ಕೊನೆಯ ಹಂತದ ಬೇಸ್ ಆಗಿ, ಶೆಲ್ ಇಲ್ಲದ ತೆಳ್ಳನೆಯ ಇಮೇಜ್‌ಗಳಾದ ಡಿಸ್ಟ್ರೋಲೆಸ್‌ನ ಜಾವಾ-ಬೇಸ್-ಡೆಬಿಯನ್12 ಇಮೇಜ್, ನಾನ್‌ರೂಟ್ ಟ್ಯಾಗ್. ಬರಿಯ ಬೇಸ್ ಇಮೇಜ್ ಇನ್ನೂ ಚಿಕ್ಕದು ಎಂದು ಅದನ್ನು ಹಾಕಿದರೆ ಜಾವಾ ಏಳುವ ಮೊದಲೇ ಜಡ್‌ಲಿಬ್ ಎಂಬ ಲೈಬ್ರರಿ ಸಿಗಲಿಲ್ಲ ಎಂದು ನಿಲ್ಲುವ ಸಂದರ್ಭವಿದೆ. ಆಲ್ಪೈನ್ ಬೇಕೆನ್ನುವವರು ಜೆಲಿಂಕನ್ನೂ ಆಲ್ಪೈನ್ ಜೆಡಿಕೆಯಲ್ಲೇ ಓಡಿಸಬೇಕು. ಡೆಬಿಯನ್‌ನ ಸಿ ಲೈಬ್ರರಿ ಜಿಲಿಬ್‌ಸಿ ಮೇಲೆ ಕಟ್ಟಿದ ರನ್‌ಟೈಮನ್ನು ಆಲ್ಪೈನ್‌ನ ಮಸ್ಲ್ ಮೇಲೆ ಇಟ್ಟರೆ ‘ಫೈಲ್ ಇಲ್ಲ’ ಎನ್ನುತ್ತದೆ. ಜಾವಾ ಫೈಲ್ ಕಣ್ಣೆದುರೇ ಇರುತ್ತದೆ. ಇಲ್ಲದ್ದು ಅದು ಹುಡುಕುವ ಲೋಡರ್.

ಶೆಲ್ ಇಲ್ಲದ ಇಮೇಜ್‌ನಲ್ಲಿ ಹಳೆಯ ಅಭ್ಯಾಸಗಳು ಒಂದೊಂದಾಗಿ ಮುರಿಯುತ್ತವೆ. ಎಂಟ್ರಿಪಾಯಿಂಟನ್ನು ಚೌಕ ಕಂಸದ ಪಟ್ಟಿಯಾಗಿಯೇ ಬರೆಯಬೇಕು. ಹಾಗೆ ಬರೆದರೆ ಜೆವಿಎಂ (ಜಾವಾ ಓಡಿಸುವ ಯಂತ್ರ) ತಾನೇ 1ನೇ ಪ್ರೊಸೆಸ್ ಆಗಿ, ನಿಲ್ಲು ಎನ್ನುವ ಸಿಗ್‌ಟರ್ಮ್ ಸಂಕೇತವನ್ನು ನೇರ ಪಡೆಯುತ್ತದೆ, ಡಾಕರ್ ಸ್ಟಾಪ್ 10 ಸೆಕೆಂಡ್ ಕಾದು ಕೊಲ್ಲುವ ಪ್ರಸಂಗ ತಪ್ಪುತ್ತದೆ. ಆದರೆ ಜಾವಾ_ಆಪ್ಟ್ಸ್ ಎಂಬ ವೇರಿಯೇಬಲ್ ಹಿಗ್ಗಿಸಿಕೊಡುವವರು ಇನ್ನಿಲ್ಲ. ಅದರ ಬದಲು ಜೆವಿಎಂ ತಾನೇ ಓದುವ ಜಾವಾ_ಟೂಲ್_ಆಪ್ಶನ್ಸ್ ಬಳಸಿ, ಅದರಲ್ಲಿ ಮ್ಯಾಕ್ಸ್‌ರ‍್ಯಾಮ್‌ಪರ್ಸೆಂಟೇಜ್ 75 ಇಡುತ್ತೇನೆ. ಇಡದಿದ್ದರೆ ಹೀಪ್‌ಗೆ (ಜಾವಾ ಆಬ್ಜೆಕ್ಟ್‌ಗಳ ಜಾಗಕ್ಕೆ) ಸಿಗುವುದು ಕಂಟೇನರ್ ಮೆಮೊರಿಯ ಕಾಲು ಭಾಗ. ಹೀಪ್‌ನ ಹೊರಗಿನ ಮೆಟಾಸ್ಪೇಸ್, ಥ್ರೆಡ್ ಸ್ಟ್ಯಾಕ್‌ಗಳಿಗೂ ಜಾಗ ಬೇಕು, ಆದ್ದರಿಂದ 90ಕ್ಕೆ ಏರಿಸಿದರೆ ಮೆಮೊರಿ ಮೀರಿ ಪ್ರೊಸೆಸ್ ಸತ್ತು 137 ಎಂಬ ಎಕ್ಸಿಟ್ ಕೋಡ್ ಕಾಣುವ ಸಾಧ್ಯತೆ ಹೆಚ್ಚು. ಇಮೇಜ್‌ನಲ್ಲಿ ಕರ್ಲ್ ಇಲ್ಲದ್ದರಿಂದ ಅದನ್ನು ಬಳಸುವ ಹೆಲ್ತ್‌ಚೆಕ್ ಕೂಡ ಸಾಯುತ್ತದೆ. ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟೀಸ್‌ನ ಎಚ್‌ಟಿಟಿಪಿ ಪ್ರೋಬ್ ಹೊರಗಿನಿಂದ ಬರುವುದರಿಂದ ಅದಕ್ಕೆ ತೊಂದರೆಯಿಲ್ಲ.

ಡಾಕರ್‌ಫೈಲ್‌ನ ಯೂಸರ್ ಸಾಲಿನಲ್ಲಿ ಹೆಸರು ಬೇಡ, ಡಿಸ್ಟ್ರೋಲೆಸ್‌ನ ನಾನ್‌ರೂಟ್ ಬಳಕೆದಾರನ, 65532 ಎಂಬ ಸಂಖ್ಯೆಯನ್ನೇ ಕೊಡಿ. ಹೆಸರು ಕೊಟ್ಟರೆ ರನ್-ಆ್ಯಸ್-ನಾನ್‌ರೂಟ್ ಇರುವ ಕುಬರ್ನೆಟೀಸ್ ಅದು ರೂಟ್ ಅಲ್ಲವೆಂದು ಖಾತ್ರಿಪಡಿಸಿಕೊಳ್ಳಲಾಗದೆ ಪಾಡ್ ಎಬ್ಬಿಸುವುದೇ ಇಲ್ಲ. ರೂಟ್ ಫೈಲ್‌ಸಿಸ್ಟಮ್ ರೀಡ್-ಓನ್ಲಿ ಮಾಡುವಾಗ ಟೆಂಪ್ ಫೋಲ್ಡರ್ ಮೇಲೆ ಒಂದು ಎಂಪ್ಟಿಡಿರ್ (ಬರೆಯಬಹುದಾದ ಖಾಲಿ ವಾಲ್ಯೂಮ್) ಕೂರಿಸಿ, ಇಲ್ಲವಾದರೆ ಸ್ಪ್ರಿಂಗ್ ಬೂಟ್‌ನೊಳಗಿನ ವೆಬ್ ಸರ್ವರ್ ಟಾಮ್‌ಕ್ಯಾಟ್ ತನ್ನ ಟೆಂಪ್‌ಡಿರ್ ಮಾಡಲಾಗದೆ ಶುರುವಿನಲ್ಲೇ ಬೀಳುತ್ತದೆ.

ಇಷ್ಟಾದ ಮೇಲೆ ಸ್ಕ್ಯಾನ್ ಮಾಡಿದರೆ ಪಟ್ಟಿ ಬಹುತೇಕ ಖಾಲಿ. ಆ ಖಾಲಿಯನ್ನು ಪೂರ್ತಿ ನಂಬಬೇಡಿ. ಕಾಪಿ ಮಾಡಿ ತಂದ ರನ್‌ಟೈಮ್ ಡೆಬಿಯನ್‌ನ ಪ್ಯಾಕೇಜ್ ಪಟ್ಟಿಯಲ್ಲಿ ಇರುವುದಿಲ್ಲ. ಆ ಪಟ್ಟಿಯನ್ನಷ್ಟೇ ಓದುವ ಸ್ಕ್ಯಾನರ್‌ಗೆ ಒಳಗೊಂದು ಓಪನ್‌ಜೆಡಿಕೆ ಇದೆ ಎಂಬುದೇ ಗೊತ್ತಾಗುವುದಿಲ್ಲ. 2021ರ ಡಿಸೆಂಬರ್‌ನಲ್ಲಿ ಹೊರಬಂದ, ಲಾಗ್4ಜೆ ಲೈಬ್ರರಿಯ ಭದ್ರತಾ ದೋಷ ಲಾಗ್4ಶೆಲ್ ಕೂಡ ಇದ್ದದ್ದು ಅಪ್ಲಿಕೇಶನ್‌ನ ಜಾರ್‌ಗಳಲ್ಲಿ. ಬೇಸ್ ಎಷ್ಟು ತೆಳ್ಳಗಿದ್ದರೂ ಅದು ಹಾಗೇ ಉಳಿಯುತ್ತಿತ್ತು. ಹಾಗಾಗಿ ಜಾರ್‌ಗಳನ್ನು ಬೇರೆಯಾಗಿ ಸ್ಕ್ಯಾನ್ ಮಾಡುತ್ತೇನೆ. ಓಪನ್‌ಜೆಡಿಕೆ ಸೆಕ್ಯೂರಿಟಿ ಅಪ್‌ಡೇಟ್ ಬರುವ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗಳಲ್ಲಿ ಕೋಡ್ ಬದಲಾಗದಿದ್ದರೂ ಇಮೇಜ್ ಮತ್ತೆ ಕಟ್ಟುತ್ತೇನೆ. ಬೇಸ್ ಇಮೇಜನ್ನು ಡೈಜೆಸ್ಟ್‌ಗೆ (ಒಂದೇ ಆವೃತ್ತಿಯನ್ನು ಗುರುತಿಸುವ ಹ್ಯಾಶ್‌ಗೆ) ಕಟ್ಟಿಹಾಕಿದ್ದರೆ ಆಗ ಆ ಡೈಜೆಸ್ಟನ್ನೂ ಬದಲಿಸಬೇಕು. ಕಟ್ಟಿದ ಮೇಲೆ ರನ್‌ಟೈಮ್‌ನ ಮೇಲ್ಮಟ್ಟದ ಫೋಲ್ಡರ್‌ನಲ್ಲಿರುವ ರಿಲೀಸ್ ಎಂಬ ಫೈಲ್ ತೆರೆದರೆ ಸಾಕು, ಆವೃತ್ತಿ ಮತ್ತು ಒಳಗಿರುವ ಮಾಡ್ಯೂಲ್‌ಗಳ ಪಟ್ಟಿ ಎರಡೂ ಅಲ್ಲೇ ಇರುತ್ತವೆ.